ಅಂಕಿಯೊಳಗಿನ ಬಣ್ಣ

"ಏಳನೇ ಕ್ಲಾಸು ದಾಟದವನು ಕೋವಿ ಓದ್ತಾನಂತೆ, ಕೇಳ್ರಪ್ಪಾ! ಅಪ್ಪ ಕಳ್ಳ, ಮಗ ಪಂಡಿತ!"

ದೊಡ್ಡಪ್ಪ ಹೀಗೆಂದದ್ದು ತನ್ನ ಕೋವಿ ರಿಪೇರಿ ಅಂಗಡಿ ತುಂಬ ಜನರಿದ್ದಾಗ. ಕೋವಿ ಮಾರಲು ಬಂದಿದ್ದ ಡಾಕ್ಟರು ಮೀಸೆಯಡಿ ನಕ್ಕರು. ಕೊಳ್ಳಲು ಬಂದಿದ್ದ ಸಾಹುಕಾರ ಹಲ್ಲು ಕಿರಿದೇ ನಕ್ಕ. ಉಕ್ಕು ಉಜ್ಜುವ ಅರ ಹಿಡಿದು ಕೂತಿದ್ದ ಇಬ್ಬರು ಕೆಲಸಗಾರರೂ, ನಗದಿದ್ದರೆ ಅನ್ನಕ್ಕೆ ಸಂಚಕಾರ ಅಂತ, ನಕ್ಕರು.

ಅಂಗಡಿಯಲ್ಲಿ ಆ ತಮ್ಮನ ಮಗನಿಗೆ ಮೊಂಡ ಅಂತಲೇ ಹೆಸರು. ಹರಿತವಿಲ್ಲದ ಉಳಿಗೂ ಅದೇ ಮಾತು, ಅವನಿಗೂ ಅದೇ ಮಾತು. ಅಪ್ಪನನ್ನು ಕತ್ತು ಹಿಡಿದು ದಬ್ಬಿದ ಅಂಗಡಿಗೇ ಬಂದು ಸೇರಿದ್ದನ್ನು ಜನ ಹೊಟ್ಟೆಪಾಡು ಅಂದುಕೊಂಡಿದ್ದರು. ಇನ್ನೊಂದು ಕಾರಣವಿತ್ತು. ಡಾಕ್ಟರ ಜೋಡುನಳಿಗೆ ಕೋವಿ ಒಂದಲ್ಲ ಒಂದು ದಿನ ಈ ಮೇಜಿಗೆ ಬಂದೇ ಬರುತ್ತದೆ ಅಂತ ಅವನು ಕಾಯುತ್ತಿದ್ದ.

ಒಂಬತ್ತು ವರ್ಷದ ಹಿಂದೆ ಅದು ರಿಪೇರಿಗೆ ಬಂದಾಗ ದೊಡ್ಡಪ್ಪನ ಕಣ್ಣು ನಳಿಗೆಯಡಿಯ ಹಿಡಿಮರವನ್ನು ಕಚ್ಚಿ ಹಿಡಿಯುವ ಚಿಲಕದ ಮೇಲೆ ಬಿತ್ತು. ಕೋವಿ ಡಾಕ್ಟರ ಮುತ್ತಾತನ ಕಾಲದ್ದು, ಚಿಲಕ ಇಪ್ಪತ್ತು ವರ್ಷ ಆಮೇಲೆ ಬಂದ ಮಾದರಿ. ಹಳೆಯ ಚಿಲಕ ಮಾರಿಕೊಂಡು, ಬೇರೆ ಕೋವಿಯದ್ದು ಕೂರಿಸಿ, ಮೇಲೆ ಈ ಕೋವಿಯ ನಂಬರು ಹೊಡೆದಿದ್ದಾನೆ ಅಂತ ಡಾಕ್ಟರ ಎದುರೇ ತಮ್ಮನ ಮೇಲೆ ಗೂಬೆ ಕೂರಿಸಿದ. ಅಂದಿನಿಂದ ಅಪ್ಪ ಅರ ಮುಟ್ಟಲಿಲ್ಲ. ಯಾವುದೋ ಗೋದಾಮಿನ ಗೇಟು ತೆಗೆಯುತ್ತಾನೆ, ಹಾಕುತ್ತಾನೆ.

ಇವತ್ತು ಆ ಕೋವಿ ಎದುರಿಗೇ ಇತ್ತು. ಮೊಂಡ ಹಿಡಿಮರ ಕಳಚಿದ. ಎರಡು ತಿರುಪು ಬಿಚ್ಚಿ ಚಿಲಕದ ಉಕ್ಕಿನ ಪಟ್ಟಿಯನ್ನು ಮರದಿಂದ ಬಿಡಿಸಿದ. ಮರಕ್ಕೆ ಒತ್ತಿಕೊಂಡಿದ್ದ ಬದಿಗೆ ಬೆಳಕು ತಾಗಿರಲಿಲ್ಲ. ನೀರಿನ ಮೇಲೆ ಎಣ್ಣೆ ಹರಡಿದ ಹಾಗೆ ನೀಲಿ, ಕಂದು ಬಣ್ಣ ಹಾಗೇ ಇತ್ತು. ಭೂತಗನ್ನಡಿಯನ್ನು ಸಾಹುಕಾರನ ಕೈಗೆ ಕೊಟ್ಟ.

"ನಂಬರು ಹೊಡೆದ ಗುಂಡಿಯೊಳಗೆ ನೋಡಿ. ಏನಿದೆ?"

"ಬಣ್ಣ ಇದೆಯಲ್ಲೋ."

"ಅಂಚು ಸಿಡಿದಿದೆಯಾ?"

"ಇಲ್ಲಪ್ಪ. ಬೆಣ್ಣೆಗೆ ಒತ್ತಿದ ಹಾಗಿದೆ."

"ಕಾರ್ಖಾನೆಯೋರು ಉಕ್ಕು ಮೆತ್ತಗಿದ್ದಾಗ ನಂಬರು ಹೊಡೆದು, ಆಮೇಲೆ ಎಲುಬಿನ ಇದ್ದಿಲಲ್ಲಿ ಕಾಯಿಸಿ ಗಟ್ಟಿ ಮಾಡ್ತಾರೆ. ಈ ಬಣ್ಣ ಆಗ ಬರೋದು, ಅಂಕಿ ಒಳಗೂ ಇಳಿಯುತ್ತೆ. ನಮ್ಮಂಥೋರು ಆಮೇಲೆ ಹೊಡೆದ್ರೆ ಅಂಚು ಸಿಡಿಯುತ್ತೆ, ಗುಂಡಿ ಬೋಳಾಗಿರುತ್ತೆ. ಹಳೇ ಕೋವಿನ ಕಾರ್ಖಾನೆಗೇ ಕಳಿಸಿ ಹೊಸ ಚಿಲಕ ಹಾಕಿಸಿದ್ದಾರೆ. ನಮ್ಮಪ್ಪ ಹುಟ್ಟೋಕೆ ಮುಂಚೆ."

ಡಾಕ್ಟರು ಕನ್ನಡಕ ಒರೆಸಿಕೊಂಡರು. "ಹೌದೌದು, ನಮ್ಮ ತಾತ ಒಂದ್ಸಲ ಕಳಿಸಿದ್ರು ಅಂತ ಮನೇಲಿ ಹೇಳೋರು..."

ಒಂಬತ್ತು ವರ್ಷ ಈ ಮಾತು ಎಲ್ಲಿ ಸತ್ತಿತ್ತೋ!

ದೊಡ್ಡಪ್ಪ ಮಾತ್ರ ಹಲ್ಲು ಗಿಂಜಿ ಸಾಹುಕಾರನ ಕಡೆ ತಿರುಗಿದ. "ನೋಡಿದ್ರಾ ಸ್ವಾಮಿ? ಕಾರ್ಖಾನೆಯೋರೇ ಸುಧಾರಿಸಿದ ಮಾಲು. ಇಂಥದ್ದು ಹುಡುಕಿದ್ರೂ ಸಿಗಲ್ಲ!" ಆಮೇಲೆ ಮೊಂಡನ ಹೆಗಲು ತಟ್ಟಿದ. "ಅಪ್ಪನ ಕಣ್ಣೇ ಬಂದಿದೆ ಕಣೋ ನಿನಗೆ. ಅವನೂ ಆವತ್ತು ಇದನ್ನೇ ಬಡ್ಕೊಂಡ, ಬಣ್ಣ ನೋಡಣ್ಣ, ಬಣ್ಣ ನೋಡಣ್ಣ ಅಂತ."

"ನೋಡಿದ್ರಾ?"

"ನೋಡ್ದೆ. ಡಾಕ್ಟ್ರ ಮುಂದೆ ಬಾಯಿ ಬಿಟ್ಟಾಗಿತ್ತಲ್ಲ, ಮತ್ತೆ ನುಂಗಕ್ಕಾಗುತ್ತೇನೋ?"

ಮೊಂಡನ ಕೈ ಸುತ್ತಿಗೆ ಇದ್ದ ಕಡೆ ಒಮ್ಮೆ ಹೋಯಿತು. ಅಲ್ಲಿಂದ ತಿರುಪುಳಿಯ ಕಡೆ ಬಂತು. ಪಟ್ಟಿಯನ್ನು ಮರಕ್ಕೆ ಕೂರಿಸಿದ, ಎರಡೂ ತಿರುಪುಗಳ ಗೀರು ನಳಿಗೆಯ ನೇರಕ್ಕೆ ನಿಲ್ಲುವಂತೆ ಬಿಗಿದ. ಅಪ್ಪ ಕಲಿಸಿದ್ದು ಹಾಗೆ. ಚಿಲಕ ಟಕ್ಕೆಂದಿತು. ಕೋವಿಯನ್ನು ಮೇಜಿನ ಮೇಲಿಟ್ಟು, ಏಪ್ರನ್ ಕಳಚಿ, ಮೊಳೆಗೆ ನೇತುಹಾಕಿದ.

"ಸಿಟ್ಟು ಬೇಡ ಕಣೋ. ನಿಮ್ಮಪ್ಪನ್ನೂ ಕರ್ಕೊಂಡು ಬಾ, ಹಳೇದೆಲ್ಲ ಮರೆಯೋಣ. ಏಯ್, ಕೇಳಿಸ್ತೇನೋ? ನಾಳೆ ಬರ್ತೀಯ ತಾನೆ?"

ಅವನು ಮೆಟ್ಟಿಲಿಳಿದು, ಚಪ್ಪಲಿ ಮೆಟ್ಟಿಕೊಂಡು, ಗೋದಾಮಿನ ದಾರಿ ಹಿಡಿದ.