ಕುಂಕುಮದ ಕೆಳಗಿನ ಸಾಲು

ನಾನು ಒಂದು ಭೂತಗನ್ನಡಿ. ಹೆಸರು ಕೇಳಿ ಹೆದರಬೇಡಿ, ಈ ವಯಸ್ಸಿನವರೆಗೆ ಒಂದು ಭೂತವನ್ನೂ ಕಂಡವನಲ್ಲ. ಗಾಜನ್ನು ಉಜ್ಜಿ ಉಜ್ಜಿ ಹೊಟ್ಟೆ ಉಬ್ಬಿಸಿ, ಹಿತ್ತಾಳೆಯ ಬಳೆ ತೊಡಿಸಿ, ಮರದ ಹಿಡಿ ಕೊಟ್ಟು ನನ್ನನ್ನು ಹುಬ್ಬಳ್ಳಿಯ ಅಂಗಡಿಯೊಂದಕ್ಕೆ ಕಳಿಸಿದರು. ಕೊಂಡವರು ಪೋಸ್ಟ್‌ಮಾಸ್ಟರ್ ಬಳಿಗಾರರು. ಕಾಗೆಕಾಲು ಗುಬ್ಬಿಕಾಲು ಅಕ್ಷರದ ವಿಳಾಸಗಳನ್ನು ಓದಿಸುವುದೇ ನನ್ನ ಮೊದಲ ನೌಕರಿ.

ಅವರ ಮಗಳು ನಿರ್ಮಲಾ ಮೇಡಂ ವಕೀಲರಾದಾಗ ನಾನು ಅವರ ಮೇಜಿಗೆ ಬಂದೆ. ಕಂಪನಿಗಳ ಒಪ್ಪಂದ, ವಿಮೆಯ ಪಾಲಿಸಿ, ಇವೇ ಅವರ ಕೆಲಸ. ಪಾಲಿಸಿಯ ಅಕ್ಷರಗಳ ಮುಂದೆ ಸಾಸಿವೆಯೇ ದೊಡ್ಡದು! ಪರಿಹಾರ ಕೊಡಬೇಕೋ ಬೇಡವೋ ಎಂದು ಒಂದು ವಿಮಾ ಕಂಪನಿ ಅವರನ್ನೇ ಕೇಳುತ್ತಿತ್ತು. ಶನಿವಾರ ಮಧ್ಯಾಹ್ನ ಮಾತ್ರ ನಾವಿಬ್ಬರೂ ಓಣಿಯ ಸಮುದಾಯ ಭವನದಲ್ಲಿ. ಅಲ್ಲಿ ಯಾರು ಬಂದರೂ ಪುಕ್ಕಟೆ ಸಲಹೆ.

ಗುಮಾಸ್ತ ಫಕೀರಪ್ಪನಿಗೆ ಆಯುಧಪೂಜೆ ಎಂದರೆ ಪ್ರಾಣ. ಒಂದು ವರ್ಷ ಕಂಪ್ಯೂಟರು, ಕಾನೂನು ಪುಸ್ತಕ, ನಾನು ಎನ್ನದೆ ಎಲ್ಲಕ್ಕೂ ಹಚ್ಚಿ, ಉಳಿದ ಹಸಿ ಕುಂಕುಮವನ್ನು ತೆರೆದಿದ್ದ ಫೈಲಿನ ಹಾಳೆಗೂ ಬಳಿದ. ವಿಮಾ ಕಂಪನಿ ಕಳಿಸಿದ್ದ ಆ ಫೈಲು ರೊಟ್ಟಿ ಕೇಂದ್ರದ ದ್ಯಾಮವ್ವನದು. ಮಗಳ ಬಾಣಂತನಕ್ಕೆಂದು ಆಕೆ ನಲವತ್ತು ದಿನ ಬಾಗಿಲು ಹಾಕಿದ್ದಾಗ, ಕರೆಂಟಿನ ತಂತಿಗೆ ಬೆಂಕಿ ಹತ್ತಿ ಕೇಂದ್ರ ಬೂದಿಯಾಗಿತ್ತು. ‘ಮೂವತ್ತು ದಿನಕ್ಕಿಂತ ಹೆಚ್ಚು ಮುಚ್ಚಿದ್ದರೆ ಪರಿಹಾರವಿಲ್ಲ’ ಎಂಬ ಸಾಲನ್ನು ನನ್ನ ಮೂಲಕ ಓದಿದ ಮೇಡಂ, ಕೊಡಬೇಕಿಲ್ಲ ಎಂದು ಬರೆದರು. ಮುಂದಿನ ಸಾಲು ಕುಂಕುಮದ ಕೆಳಗಿತ್ತು. ದೀಪದ ಬುಡದಲ್ಲೇ ಕತ್ತಲೆ ನೋಡಿ!

ಎರಡು ತಿಂಗಳಾದ ಮೇಲೆ ಒಂದು ಶನಿವಾರ ದ್ಯಾಮವ್ವ ತನ್ನ ಪಾಲಿಸಿ ಹಿಡಿದು ಸಮುದಾಯ ಭವನಕ್ಕೇ ಬಂದಳು.

“ಅಕ್ಕಾರ, ಹನ್ನೊಂದು ಹೆಣ್ಮಕ್ಕಳು ನನ್ನ ಕಡೆ ರೊಟ್ಟಿ ಬಡೀತಿದ್ರು. ಈಗ ಎಲ್ಲಾರೂ ಮನ್ಯಾಗ ಕುಂತಾರ. ಕಂಪನಿಯವ್ರು ಕೊಡಂಗಿಲ್ಲ ಅಂದ್ರು. ಯಾಕಂತ ಓದಿ ಹೇಳ್ರಿ, ಈ ಅಕ್ಷರ ನನ್ನ ಕಣ್ಣಿಗೆ ಕಾಣಂಗಿಲ್ಲ.”

ಆ ಹಾಳೆಯಲ್ಲಿ ಕುಂಕುಮವಿರಲಿಲ್ಲ. ಮೂವತ್ತು ದಿನದ ಸಾಲಿನ ಕೆಳಗೇ ‘ಮೊದಲೇ ಬರೆದು ತಿಳಿಸಿದ್ದರೆ ಈ ನಿಯಮ ಅನ್ವಯಿಸದು’ ಎಂದಿತ್ತು. ಮೇಡಂ ನನ್ನನ್ನು ಇನ್ನೊಮ್ಮೆ ಅದೇ ಸಾಲಿನ ಮೇಲೆ ಸರಿಸಿದರು.

“ಬಾಗಲಾ ಹಾಕೂ ಮುಂಚೆ ಬರದು ತಿಳಿಸಿದ್ರೇನು?”

“ಹೂಂನ್ರಿ. ಅವರ ಸಿಕ್ಕಾ ಹೊಡದ ಚೀಟಿ ಐತಲ್ರಿ.”

ಮೇಡಂ ನನ್ನನ್ನು ಮೇಜಿನ ಮೇಲಿಟ್ಟರು. “ಕೊಡಬ್ಯಾಡ್ರಿ ಅಂತ ಬರದಾಕಿ ನಾನ, ದ್ಯಾಮವ್ವ. ಕಂಪನಿ ವಕೀಲಳಾಗಿ ನಿಮ್ಮ ಪರ ವಾದ ಮಾಡಾಕ ಬರಂಗಿಲ್ಲ. ಆದ್ರ ನನ್ನ ತಪ್ಪು ನಾನ ತಿದ್ದತೀನಿ.”

ದ್ಯಾಮವ್ವ ಕಣ್ಣರಳಿಸಿದಳು. “ತಪ್ಪಾತು ಅನ್ನೋ ವಕೀಲರನ್ನ ಇವತ್ತ ನೋಡಿದೆ ನೋಡ್ರಿ!”

ತಪ್ಪು ತನ್ನದು, ಪರಿಹಾರ ಕೊಡಲೇಬೇಕು ಎಂದು ಮೇಡಂ ಅಂದೇ ಕಂಪನಿಗೆ ಬರೆದರು. “ಮೇಡಂ, ಅವರ ಫೈಲು ಬರೂದು ನಿಂತ್ರ?” ಎಂದ ಫಕೀರಪ್ಪ. “ನಿಂದರಲಿ” ಎಂದರು. ಫೈಲುಗಳು ನಿಂತೇ ಹೋದವು. ಆದರೆ ಪರಿಹಾರ ಬಂತು, ಹನ್ನೊಂದು ಜನರೂ ಒಲೆಯ ಮುಂದೆ ಕೂತರು. ಮೊದಲ ದಿನದ ರೊಟ್ಟಿ, ಎಣ್ಣೆಗಾಯಿ ನಮ್ಮ ಆಫೀಸಿಗೇ ಬಂದಾಗ ನನ್ನ ಮೇಲೂ ಒಂದು ಹನಿ ಎಣ್ಣೆ ಬಿತ್ತು. ನನಗೆ ಬಹಳ ಸಂತೋಷವಾಯಿತು.

ಈಗ ಮೈತುಂಬ ಗೀರು. ಸಮುದಾಯ ಭವನದ ಕಿಟಕಿಗೆ ದಾರ ಕಟ್ಟಿ ನನ್ನನ್ನು ತೂಗುಹಾಕಿದ್ದಾರೆ. ಮಾತ್ರೆಯ ಹೆಸರು, ಕರೆಂಟು ಬಿಲ್ಲು, ಯಾರು ಏನು ಬೇಕಾದರೂ ಓದಿಕೊಳ್ಳಬಹುದು. ಕಳೆದ ವಾರ ದ್ಯಾಮವ್ವ ಹೊಸ ಪಾಲಿಸಿ ತಂದು, ಸಾಲು ಸಾಲಿಗೂ ಬೆರಳಿಟ್ಟು ತಾನೇ ಓದಿದಳು. ಜೊತೆಗೆ ಬಂದಿದ್ದ ವಿಮಾ ಏಜೆಂಟ್ ಎರಡು ಸಲ ಚಹಾ ಕುಡಿದು, ಸಹಿಗೆಂದು ಪೆನ್ನು ಚಾಚಿ ಕಾದ.

“ತಡೀರಿ,” ಎಂದಳು ನನ್ನನ್ನು ಕೆಳಗೆ ಸರಿಸುತ್ತ, “ಇನ್ನೂ ಒಂದು ಸಾಲು ಉಳದೈತಿ.”