ಅಪ್ಪನ ಉಸಿರು

ಅಪ್ಪ ಎದ್ದು ನಿಂತದ್ದು ಅಮೂಲ್ಯಳಿಗೆ ವೇದಿಕೆಯ ಮೇಲಿಂದಲೇ ಕಂಡಿತು. ಎರಡನೇ ಸಾಲು, ಅಮ್ಮನ ಪಕ್ಕದ ಕುರ್ಚಿ. ಸ್ಪೀಕರುಗಳಲ್ಲಿ ಆಗ ಒಂದು ಉಸಿರು ಮಾತ್ರ ಕೇಳುತ್ತಿತ್ತು. ಗೊರಗೊರ ಎಂದು ಒಳಗೆ ಹೋಗಿ, ಕಫಕ್ಕೆ ಸಿಕ್ಕಿ ತಡೆದು, ಸುಯ್ಯೆಂದು ಹೊರಬರುವ ಉಸಿರು. ಅದರ ಅಡಿಗೆ ಅವಳು ಗಂಟಲು ಬಿಗಿಹಿಡಿದು ಕೆಳಗಿನ ಸ್ವರ ಹಚ್ಚಬೇಕಿತ್ತು. ಹಚ್ಚಿದಳು. ಅಪ್ಪ ಕೂತವರ ಮೊಣಕಾಲುಗಳನ್ನು ದಾಟಿಕೊಂಡು ಬಾಗಿಲ ಕಡೆ ನಡೆದ. ಅಮ್ಮ ಹಿಂದೆಯೇ ಹೋದಳು. ಅಮೂಲ್ಯ ಹಾಡು ನಿಲ್ಲಿಸಲಿಲ್ಲ.

ಮಂಗೋಲಿಯಾ ಕಡೆಯ ಕುರಿಗಾಹಿಗಳು ಒಂದೇ ಗಂಟಲಿನಿಂದ ಒಟ್ಟೊಟ್ಟಿಗೆ ಎರಡು ಸ್ವರ ಹೊರಡಿಸುತ್ತಾರೆ. ಆ ವಿದ್ಯೆಯನ್ನು ಅವಳು ವರ್ಷಗಟ್ಟಲೆ ಕಲಿತಿದ್ದಳು. ಅದಕ್ಕೆ ಬೋರ್‌ವೆಲ್ ಮೋಟಾರಿನ ಮೊರೆತ, ರೇಷ್ಮೆಹುಳು ಸೊಪ್ಪು ಮೇಯುವ ಸರಸರ ಸದ್ದು, ಏನೇನೋ ಸೇರಿಸಿ ಹಾಡುತ್ತಿದ್ದಳು. ಬೆಂಗಳೂರಿನಲ್ಲಿ ಕೇಳುವವರೂ ಇದ್ದರು. ಅಪ್ಪ ಅನಂತರಾಜು ಮಾಗಡಿಯಿಂದ ತಿಪ್ಪಸಂದ್ರಕ್ಕೆ ಓಡಾಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದ. ಅವನಿಗೆ ಸೀಟಿ ಬೇಕಿರಲಿಲ್ಲ, ಕೂಗೇ ಸಾಕಿತ್ತು. ಕ್ಯಾನ್ಸರ್ ಬಂದು ಧ್ವನಿಪೆಟ್ಟಿಗೆಯನ್ನೇ ತೆಗೆದ ಮೇಲೆ ಕತ್ತಿನ ಬುಡದಲ್ಲಿ ಒಂದು ತೂತು ಉಳಿಯಿತು. ಉಸಿರೆಲ್ಲ ಅದರಲ್ಲೇ. ಅವರೂರು ಗುಡೇಮಾರನಹಳ್ಳಿಯಲ್ಲಿ ಯಾರೂ ಅದನ್ನು ನೋಡಿರಲಿಲ್ಲ. ಟವಲ್ ಸುತ್ತಿಕೊಂಡೇ ಇರುತ್ತಿದ್ದ. ಒಂದು ಮಧ್ಯಾಹ್ನ ಟವಲ್ ತೆಗೆದಿಟ್ಟು ನಿದ್ದೆಹೋಗಿದ್ದಾಗ ಅಮೂಲ್ಯ ದಿಂಬಿನ ಹತ್ತಿರ ಮೊಬೈಲ್ ಇಟ್ಟು ಆ ಸದ್ದು ಹಿಡಿದುಕೊಂಡಿದ್ದಳು. ಅವನನ್ನು ಕೇಳಿರಲಿಲ್ಲ.

ಕಾರ್ಯಕ್ರಮ ಮುಗಿಸಿ ಹೊರಗೆ ಬಂದಾಗ ಇಬ್ಬರೂ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತಿದ್ದರು.

"ಏನೇ ಅಮ್ಮು ಅದು," ಅಂದಳು ತಾಯಿ ಲತಾಮಣಿ. "ಅವ್ರ ಸಂಕಟನ ಅಷ್ಟು ಜನದ ಮುಂದೆ ಮೈಕಲ್ಲಿ ಬುಟ್ಟಿದ್ದೀಯಲ್ಲ."

"ಅಪ್ಪನ ಹಳೇ ವಾಯ್ಸು ಎಲ್ಲೂ ಸಿಗ್ಲಿಲ್ಲ ಕಣಮ್ಮ. ಎಲ್ರ ಫೋನೂ ಹುಡುಕ್ದೆ. ಮದ್ವೆ ವಿಡಿಯೋಲಿ ಬರೀ ವಾಲಗ ಐತೆ. ನಂಗೆ ಉಳಿದಿದ್ದು ಇದೊಂದೇ."

ಅನಂತರಾಜು ಕೈ ಚಾಚಿದ. ಮೊಬೈಲ್ ಕೊಟ್ಟಳು. ಅವನು ಹೆಬ್ಬೆರಳಿನಿಂದ ಅದರ ಗಾಜನ್ನು ಉಜ್ಜಿದ, ಕಲೆ ತೆಗೆಯುವ ಹಾಗೆ, ಗಟ್ಟಿಯಾಗಿ.

"ಅಳಿಸ್ಲಾ ಅಪ್ಪ?"

ಹೂಂ ಎಂದು ತಲೆಯಾಡಿಸಿದ. ಅವನೆದುರೇ ಅಳಿಸಿದಳು. ರೂಮಿಗೆ ಹೋಗಿ ಲ್ಯಾಪ್‌ಟಾಪಿನಲ್ಲಿದ್ದದ್ದನ್ನೂ ಅಳಿಸಿದಳು. ಆ ಹಾಡನ್ನು ಮತ್ತೆ ಹಾಡಲಿಲ್ಲ. ಆದರೂ ಯುಗಾದಿಗೆ ಊರಿಗೆ ಹೋಗಿ ಪಕ್ಕದಲ್ಲಿ ಕೂತರೆ ಅಪ್ಪ ಟವಲನ್ನು ಇನ್ನೊಂದು ಸುತ್ತು ಸುತ್ತಿಕೊಂಡ.

ಮಳೆಗಾಲದ ಹೊತ್ತಿಗೆ ರೋಗ ಎದೆಗೆ ಇಳಿದಿತ್ತು. ಗೌರಿಹಬ್ಬಕ್ಕೆ ಮುಂಚೆ ಹೋಗಿಬಿಟ್ಟ.

ತಿಥಿಯ ಊಟ ಮುಗಿಸಿ ನೆಂಟರು ಬಸ್ಸು ಹಿಡಿದ ಮೇಲೆ ಲತಾಮಣಿ ಮಗಳ ಪಕ್ಕ ಬಂದು ಕೂತಳು. ಹೊರಗೆ ಶಾಮಿಯಾನದವರು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು.

"ಅದನ್ನ ಒಸಿ ಹಾಕವ್ವ," ಅಂದಳು.

"ಯಾವ್ದಮ್ಮ?"

"ಅವ್ರ ಉಸ್ರು. ಅದನ್ನ ಕೇಳ್ಕಂಡೇ ಮಲಗ್ತಿದ್ದೆ. ಈಗ ನಿದ್ದೆನೇ ಬರಾಕಿಲ್ಲ."

"ಅಳಿಸ್ಬುಟ್ಟೆನಲ್ಲಮ್ಮ. ನಿನ್ನ ಮುಂದೆನೇ."

"ಎಲ್ಲಾನೂವಾ?"

"ಎಲ್ಲಾನೂ."

ಲತಾಮಣಿ ಸೆರಗಿನ ಅಂಚನ್ನು ಮಡಚುತ್ತ, ಬಿಡಿಸುತ್ತ ಕೂತಳು. ಅಮೂಲ್ಯ ಗೋಡೆಗೆ ಬೆನ್ನು ಕೊಟ್ಟು, ಗಂಟಲನ್ನು ಒಳಗೇ ಕಿರಿದು ಮಾಡಿಕೊಂಡು ಉಸಿರೆಳೆದಳು. ಗೊರಗೊರ ಎಂದಿತು. ನಡುವೆ ಒಂದು ಕಡೆ ತಡೆದು, ಸುಯ್ಯೆಂದು ಬಿಟ್ಟಳು.

ತಾಯಿ ಕಣ್ಣು ಮುಚ್ಚಿ ಕೇಳಿದಳು.

"ಅಂಗಲ್ಲ. ಎಳ್ಕಳಾದು ಇನ್ನೂ ನಿಧಾನ. ಎಳ್ಕಂಡ್ ಮ್ಯಾಲೆ ಒಸಿ ಹಂಗೇ ಮಡೀಕತ್ತಿದ್ರು. ಬುಡಾಕೆ ಮನಸಿಲ್ದೋರಂಗೆ."

ಅಮೂಲ್ಯ ಮತ್ತೆ ಎಳೆದುಕೊಂಡಳು, ನಿಧಾನವಾಗಿ. ಎದೆಯಲ್ಲೇ ಹಿಡಿದಳು. ಲತಾಮಣಿ ಕಣ್ಣು ತೆರೆಯದೆ ಅಂಗೈ ಎತ್ತಿ ಹಿಡಿದಿದ್ದಳು, ಈಗಲೇ ಬೇಡ ಎನ್ನುವಂತೆ.