ಕೆಸರಲ್ಲಿ ಸಿಕ್ಕ ಬಂಡಿ

ಮರಳಿ ಎಂಬ ಊರಲ್ಲಿ ಅಡಿವೆಪ್ಪ ಕವಿಯನ್ನು ಸಣ್ಣವನೆಂದವನಿಗೆ ಕುಡಿಯಲು ನೀರು ಸಿಗುವುದೂ ಕಷ್ಟವಿತ್ತು. ಕವಿ ಸತ್ತು ಎರಡು ತಲೆಮಾರು ಕಳೆದರೂ ಅವನು ಬರೆದ ಹೇಮರಾಣಿಯ ದೊಡ್ಡಾಟ ಸುಗ್ಗಿ ಮುಗಿದ ಮೇಲೆ ಗಂಗಾವತಿ, ಕುಷ್ಟಗಿ ಸೀಮೆಯ ಯಾವುದಾದರೂ ಊರಲ್ಲಿ ನಡೆಯಲೇಬೇಕು. ಕಾಡುಪಾಲಾದ ರಾಣಿ ಕೂಸನ್ನು ಕಳೆದುಕೊಂಡು ಹಾಡುವಾಗ ಸಾಹುಕಾರರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಅತ್ತವರನ್ನು ನಗಿಸಲು ಹಿಂದೆಯೇ ಮಾತು ಉಗ್ಗುವ ದಾಸಿ ಬರುತ್ತಿದ್ದಳು, ಜನರ ಬಾಯಲ್ಲಿ ಅವಳು ಉಗ್ಗಿ. ಆಟ ನಡೆಸುವ ಸಾರಥಿ ಅವಳ ಹೆಸರು ಕೇಳುತ್ತಾನೆ. ಅವಳು 'ತಿ... ತಿ... ತಿ...' ಎಂದು ತಿಣುಕುತ್ತಾಳೆ. ಸಾರಥಿ ಜನರ ಕಡೆ ತಿರುಗಿ, 'ಬಂಡಿ ಕೆಸರಾಗ ಸಿಕ್ಕೈತಿ, ನಾಕು ಮಂದಿ ಬಂದು ನೂಕ್ರಿ' ಎನ್ನುತ್ತಾನೆ. ಅಷ್ಟೇ. ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಗುತ್ತದೆ.

ಆ ಸಾರಥಿ ನಮ್ಮ ಈಶಪ್ಪ. ಜನ ಅವನನ್ನು ಮಾಸ್ತರ ಎನ್ನುತ್ತಿದ್ದರು. ಮನೆದೇವರ ಪೂಜೆ ತಪ್ಪಿಸಿದರೂ ಕವಿಯ ಹೆಸರಿಗೆ ಕೈಮುಗಿಯುವುದನ್ನು ತಪ್ಪಿಸಿದವನಲ್ಲ.

ಅವನ ಮಗಳು ಪಾರ್ವತೆಮ್ಮನಿಗೂ ಮಾತು ಉಗ್ಗುತ್ತಿತ್ತು. ಹಾಗೆಂದು ಈಶಪ್ಪನನ್ನು ಕೆಟ್ಟ ತಂದೆ ಎನ್ನಲಾಗದು. ಅವಳು ಮಾತು ಮುಗಿಸುವವರೆಗೆ ತುತ್ತನ್ನು ಕೈಯಲ್ಲೇ ಹಿಡಿದು ಕಾಯುತ್ತಿದ್ದ. ಮನೆಯ ಮಗಳಿಗೂ ಆಟದ ಉಗ್ಗಿಗೂ ಏನಾದರೂ ಸಂಬಂಧವಿದೆಯೆಂದು ಮಾತ್ರ ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಅದೆಂಥ ತಲೆಯೋ ಅವನದು.

ಜರ್ಮನಿಯ ಲಡಾಯಿ ನಡೆದಿದ್ದ ವರ್ಷ, ಕುಷ್ಟಗಿಯ ಕಳಕಪ್ಪನವರು ಮಗನಿಗೆ ಹೆಣ್ಣು ನೋಡಲು ಬಂದರು. ಕೇಳಿದ್ದಕ್ಕೆಲ್ಲ ತಾನೇ ಜವಾಬು ಕೊಡುತ್ತೇನೆಂದು ಪಾರ್ವತೆಮ್ಮನ ತಾಯಿ ಶೇಖರಮ್ಮ ಅಂದಿದ್ದಳು. ಹೆಸರಾದರೂ ನಾನೇ ಹೇಳುತ್ತೇನೆ, ಪಕ್ಕದಲ್ಲಿ ಅಪ್ಪ ಇರುತ್ತಾನಲ್ಲ ಎಂದು ಹುಡುಗಿ ಹಟ ಹಿಡಿದಳು. ಕಳಕಪ್ಪನವರು ಹೆಸರು ಕೇಳಿದರು.

"ಪಾ... ಪಾ... ಪಾ..."

ಪಡಸಾಲೆ ಸುಮ್ಮನಾಯಿತು. ಆಟದಲ್ಲೂ ಆ ಹೊತ್ತಿಗೆ ಜನ ಹೀಗೆಯೇ ಸುಮ್ಮನಾಗುತ್ತಿದ್ದರು. ಈಶಪ್ಪ ಬಂದವರ ಕಡೆ ತಿರುಗಿದ. ನಾಲಿಗೆ ತನ್ನ ಪಾಡಿಗೆ ತಾನು ಆಡಿಬಿಟ್ಟಿತು.

"ಬಂಡಿ ಕೆಸರಾಗ ಸಿಕ್ಕೈತಿ, ನಾಕು ಮಂದಿ ಬಂದು ನೂಕ್ರಿ."

ಬಂದವರು ಬಿದ್ದು ಬಿದ್ದು ನಕ್ಕರು. ಹೇಳಲು ನಾಚಿಕೆಯಾಗುತ್ತದೆ, ಈಶಪ್ಪನೂ ನಕ್ಕ. ಆಮೇಲೆ ಮಗಳ ಮುಖ ಕಂಡಿತು.

ಕಳಕಪ್ಪನವರು ಸಂಬಂಧ ಒಪ್ಪಿಕೊಂಡೇ ಹೋದರು. ಹೊರಡುವಾಗ ಹುಡುಗಿಯ ತಲೆ ಸವರಿ, ಇನ್ನು ಇವಳು ನಮ್ಮ ಮನೆಯ ಉಗ್ಗಿ ಎಂದರು, ಅಕ್ಕರೆಯಿಂದಲೇ. ಅಂದಿನಿಂದ ಪಾರ್ವತೆಮ್ಮ ಅಪ್ಪನೊಡನೆ ಮಾತು ಬಿಟ್ಟಳು. ಊಟಕ್ಕೆ ತಾಟು ಇಡುವಳು, ನೀರು ಕೊಡುವಳು, ತುಟಿ ಬಿಚ್ಚಳು. ಬದುಕಿರುವವರೆಗೂ ಆ ಮನೆಯಲ್ಲಿ ಉಗ್ಗಿಯಾಗಿರಬೇಕೇ ಎಂದು ತಾಯಿಯ ಮುಂದೆ ಅತ್ತಳಂತೆ.

ಈಶಪ್ಪನಿಗೆ ಅನ್ನ ಸೇರಲಿಲ್ಲ. ಗದ್ದೆಯ ಬದುವಿನ ಮೇಲೆ ಕುಳಿತು ಇಡೀ ಆಟವನ್ನು ಮನಸ್ಸಿನಲ್ಲೇ ಓದಿಕೊಂಡ. ಉಗ್ಗಿಗೂ ಒಂದು ಜೀವವಿದೆ ಎನ್ನುವ ಒಂದು ಮಾತಾದರೂ ಇದ್ದೀತೆಂದು ಹುಡುಕಿದ. ಇರಲಿಲ್ಲ. ರಾಣಿಯ ಹೊಟ್ಟೆಯ ಸಂಕಟವನ್ನು ಅಷ್ಟು ಬಲ್ಲವನಿಗೆ ಅಂಗಳ ಗುಡಿಸುವವಳ ಸಂಕಟ ಕಾಣಲಿಲ್ಲವೇ? ಇವನನ್ನೇ ನಾವು ದೊಡ್ಡವನೆಂದು ಹೊತ್ತು ಮೆರೆಸಿದ್ದು? ಸಿಟ್ಟಿನಲ್ಲೇ ರಾಣಿಯ ಹಾಡನ್ನು ಗುನುಗಿದ. ಕಣ್ಣು ತುಂಬಿತು. ಅದಕ್ಕೂ ಸಿಟ್ಟು ಬಂತು.

ಸಾರಥಿಯೇ ಆ ಮಾತು ಬಿಟ್ಟರೆ ಜನವೂ ಬಿಟ್ಟಾರು, ಕಳಕಪ್ಪನವರ ಮನೆಯಲ್ಲೂ ಯಾರೂ ಆಡಲಾರರು ಎಂದು ಅವನು ಲೆಕ್ಕ ಹಾಕಿದ. ಆ ಸಲ ಲಡಾಯಿಯಿಂದಾಗಿ ಸೀಮೆಎಣ್ಣೆ ಸಿಗದೆ ಮರಳಿಯ ಆಟವನ್ನು ಹಗಲಲ್ಲೇ ಇಟ್ಟಿದ್ದರು. ಮುಂದೆಯೇ ಕಳಕಪ್ಪನವರು ಕುಳಿತಿದ್ದರು. ಹೆಂಗಸರ ಗುಂಪಿನ ಕೊನೆಯಲ್ಲಿ ತಾಯಿಯ ಪಕ್ಕ ಪಾರ್ವತೆಮ್ಮ. ಉಗ್ಗಿಯ ವೇಷದ ಗಾದಿಲಿಂಗಪ್ಪ ಬಂದು 'ತಿ... ತಿ... ತಿ...' ಎಂದ. ಈಶಪ್ಪ ಬಾಯಿ ತೆರೆಯಲಿಲ್ಲ. ಹೆಸರು ಪೂರ್ತಿ ಹೇಳಲಿ ಎಂದು ಕಾದ. ಗಾದಿಲಿಂಗಪ್ಪ ಮತ್ತೆ ತಿಣುಕಿದ, ಗಾಬರಿಯಾಗಿ ಸಾರಥಿಯ ಮುಖ ನೋಡಿದ. ಆಗ ಈಶಪ್ಪನಿಗೆ ತಿಳಿಯಿತು. ಕವಿ ಆ ಹೆಣ್ಣಿಗೆ ಹೆಸರನ್ನೇ ಬರೆದಿರಲಿಲ್ಲ.

ಮಾಸ್ತರ ಮಾತು ಮರೆತರೆಂದು ಕಳಕಪ್ಪನವರೇ ಎದ್ದು ನಿಂತು ಕೂಗಿದರು, ಸಹಾಯಕ್ಕೆಂದು. "ಬಂಡಿ ಕೆಸರಾಗ ಸಿಕ್ಕೈತಿ..." ಉಳಿದದ್ದನ್ನು ನೆರೆದವರೆಲ್ಲ ಕೂಡಿ ಮುಗಿಸಿದರು. ಹಿಂದೆಂದೂ ಅಷ್ಟು ನಗು ಎದ್ದಿರಲಿಲ್ಲ. ಪಾರ್ವತೆಮ್ಮ ಸೆರಗು ಹೊದ್ದು ಎದ್ದು ಹೋದದ್ದು ಹಗಲ ಬೆಳಕಲ್ಲಿ ಈಶಪ್ಪನಿಗೆ ಚೆನ್ನಾಗಿಯೇ ಕಂಡಿತು.

ಆಟ ಮುಗಿದ ಕೂಡಲೇ ಅವನು ಕಳಕಪ್ಪನವರಿಗೆ ಕೈಮುಗಿದು ಈ ಸಂಬಂಧ ಬೇಡವೆಂದ. ಬಣ್ಣ ತೊಳೆಯದೆ ಮನೆಗೆ ಬಂದ. ಮಗಳು ಅಕ್ಕಿ ಆರಿಸುತ್ತಿದ್ದಳು.

"ಸಂಬಂಧ ಬಿಡಿಸಿ ಬಂದೀನವ್ವ," ಎಂದ. "ಆ ಕವಿ ದೊಡ್ಡಾಂವ ಅಲ್ಲ. ಸುಳ್ಳ ಹೊತಗೊಂಡು ತಿರುಗೀವಿ."

ಅವಳು ಮೊರ ಕೆಳಗಿಟ್ಟಳು. ಇಷ್ಟು ದಿನದ ಮೇಲೆ ಅಪ್ಪನಿಗೆ ಹೇಳಿದ ಮೊದಲ ಮಾತು ಅದು, ಹೊರಬರಲು ಬಹಳ ಹೊತ್ತು ಹಿಡಿಯಿತು.

"ಕ... ಕವಿ ನನ್ನ ನೋ... ನೋಡಿದ್ದಿಲ್ಲಪ್ಪ."

ಈಶಪ್ಪ ಮುಖ ತೊಳೆಯಲು ಬಚ್ಚಲಿಗೆ ಹೋದ. ಬಹಳ ಹೊತ್ತು ಹೊರಗೆ ಬರಲಿಲ್ಲ.